ಮೊದಲ ಸೋಲಿನ ಪಂಡಿತರು

ವಿಶ್ವಕಪ್ ಫುಟ್‌ಬಾಲ್ ನಡೆಯುವ ತಿಂಗಳಲ್ಲಿ ಗೋಲಿಗಿಂತ ತೀರ್ಪುಗಳೇ ಜಾಸ್ತಿ. 2022ರ ನವೆಂಬರ್ 22ರಂದು ಕತಾರ್‌ನಲ್ಲಿ ಸೌದಿ ಅರೇಬಿಯ ಅರ್ಜೆಂಟೀನಾವನ್ನು 2–1ರಿಂದ ಮಣಿಸಿತು. ಅರ್ಜೆಂಟೀನಾ ಅದುವರೆಗೆ ಸತತ 36 ಪಂದ್ಯ ಸೋಲನ್ನೇ ಕಾಣದ ತಂಡ. ಸೌದಿ ದೊರೆ ಮರುದಿನ ದೇಶಕ್ಕೇ ರಜೆ ಕೊಟ್ಟರು. ಪಂಡಿತರು ಅರ್ಜೆಂಟೀನಾ ನಾಯಕ ಮೆಸ್ಸಿಯ ಕಪ್ ಕನಸಿಗೆ ಎಳ್ಳುನೀರು ಬಿಟ್ಟರು. ಡಿಸೆಂಬರ್ 18ರಂದು ಕಪ್ ಎತ್ತಿದ್ದು ಅದೇ ಮೆಸ್ಸಿ! 2010ರಲ್ಲಿ ಸ್ಪೇನ್ ಕೂಡ ಮೊದಲ ಪಂದ್ಯವನ್ನು ಸ್ವಿಟ್ಜರ್ಲೆಂಡಿಗೆ ಒಪ್ಪಿಸಿಯೇ ಚಾಂಪಿಯನ್ ಆಗಿತ್ತು. ಆ ವರ್ಷ ಎಂಟಕ್ಕೆ ಎಂಟೂ ಭವಿಷ್ಯ ನಿಜ ಮಾಡಿದ್ದು ಜರ್ಮನಿಯ ಪಾಲ್ ಎಂಬ ಆಕ್ಟೋಪಸ್. ಅದಕ್ಕಿದ್ದ ಒಂದೇ ಅನುಕೂಲವೆಂದರೆ, ಅದು ಪತ್ರಿಕೆ ಓದುತ್ತಿರಲಿಲ್ಲ.

ಹಾಗಾದರೆ ಪಂಡಿತರ ಈ ವಾದಗಳೆಲ್ಲ ದಂಡ, ತೀರ್ಪನ್ನು ಯಂತ್ರಕ್ಕೆ ಬಿಟ್ಟರಾಯಿತು ಎನ್ನುವವರಿದ್ದಾರೆ. 2010ರಲ್ಲಿ ಇಂಗ್ಲೆಂಡಿನ ಲ್ಯಾಂಪಾರ್ಡ್ ಒದ್ದ ಚೆಂಡು ಗೋಲಿನ ಗೆರೆ ದಾಟಿದ್ದು ರೆಫರಿಯೊಬ್ಬರನ್ನು ಬಿಟ್ಟು ಊರಿಗೆಲ್ಲ ಕಂಡಿತ್ತು. 2014ಕ್ಕೆ ಗೋಲಿನ ಗೆರೆಗೆ ತಂತ್ರಜ್ಞಾನ ಬಂತು, ಒಪ್ಪೋಣ. ಆದರೆ ಜಗಳ ನಿಂತಿತೆ? 2022ರಲ್ಲಿ ಸ್ಪೇನ್ ವಿರುದ್ಧ ಜಪಾನಿನ ಎರಡನೇ ಗೋಲಿಗೆ ಮುನ್ನ ಚೆಂಡು ಹೊರಗೆ ಹೋದಂತೆಯೇ ಪಕ್ಕದಿಂದ ತೆಗೆದ ಚಿತ್ರದಲ್ಲಿ ಕಂಡಿತು. ಮೇಲಿಂದ ನೋಡಿದರೆ ಚೆಂಡಿನ ಉಬ್ಬು ಗೆರೆಯ ಮೇಲೆ ಕೂದಲೆಳೆಯಷ್ಟು ಚಾಚಿತ್ತು. ವಿಡಿಯೊ ರೆಫರಿ ಗೋಲು ಕೊಟ್ಟರು. ಜಪಾನ್ ಗೆದ್ದಿದ್ದರಿಂದ, ಅದೇ ಗುಂಪಿನಲ್ಲಿ ಕೋಸ್ಟರಿಕಾವನ್ನು 4–2ರಿಂದ ಗೆದ್ದೂ ಜರ್ಮನಿ ಮನೆಗೆ ಹೋಯಿತು. ಯಂತ್ರ ವಾದವನ್ನು ಮುಗಿಸಲಿಲ್ಲ, ಅದಕ್ಕೆ ಫೋಟೊ ಒದಗಿಸಿತು. ವಾದಿಸಿ, ಧಾರಾಳವಾಗಿ ವಾದಿಸಿ. ಮೊದಲ ಪಂದ್ಯ ಸೋತರೆಂದು ಜರ್ಸಿಯನ್ನು ಮಾತ್ರ ಮಡಚಿಡಬೇಡಿ.