ಬೆಣ್ಣೆ ನಗರಿಯ ಸುಣ್ಣದ ಲೆಕ್ಕ

ಆಮ್ಲ ಮಳೆ ಅಂದರೆ ನಮ್ಮವರಿಗೆ ನಗು. ಜಗಳೂರಿನಲ್ಲಿ ಬರೀ ಮಳೆಗೇ ಗತಿಯಿಲ್ಲ, ಇನ್ನು ಆಮ್ಲದ್ದು ಎಲ್ಲಿಂದ ಬರಬೇಕು ಸ್ವಾಮಿ ಅಂತಾರೆ.

ಆ ಹೆಸರು ಹುಟ್ಟಿದ್ದೇ ಮ್ಯಾಂಚೆಸ್ಟರಿನ ಹೊಗೆಯಿಂದ. ಅಲ್ಲಿನ ಮಳೆ ಪರೀಕ್ಷಿಸಿದ ರಾಬರ್ಟ್ ಆಂಗಸ್ ಸ್ಮಿತ್ 1872ರ ತನ್ನ ಪುಸ್ತಕದಲ್ಲಿ ಅದನ್ನು ಬಳಸಿದ. ನಮ್ಮ ದಾವಣಗೆರೆ 'ಕರ್ನಾಟಕದ ಮ್ಯಾಂಚೆಸ್ಟರ್'. ಮಿಲ್ಲುಗಳು ಮುಚ್ಚಿದವು, ಬಿರುದು ಮುಚ್ಚಲಿಲ್ಲ. ಮ್ಯಾಂಚೆಸ್ಟರ್ ಕಲಿತ ಪಾಠವನ್ನು ಮಾತ್ರ ನಾವು ತರಿಸಿಕೊಳ್ಳಲಿಲ್ಲ.

ಪಾಠ ಚಿಕ್ಕದು. ಶುದ್ಧ ಮಳೆನೀರಿನ ರಸಸಾರ (ಪಿಎಚ್) ಸುಮಾರು 5.6. ಚಿಮಣಿಯ ಗಂಧಕ, ವಾಹನದ ಹೊಗೆ ಮೋಡ ಸೇರಿದರೆ ಅದಕ್ಕಿಂತ ಕೆಳಗಿಳಿಯುತ್ತದೆ. ಆ ನೀರು ಕಾಡಿನ ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ಯುತ್ತದೆ. ಮಣ್ಣಿನಲ್ಲಿ ಸುಮ್ಮನೆ ಕೂತಿದ್ದ ಅಲ್ಯೂಮಿನಿಯಂ ಕರಗಿ ಬೇರಿಗಿಳಿಯುತ್ತದೆ, ಹಳ್ಳ ಸೇರುತ್ತದೆ, ಮೀನಿನ ಕಿವಿರು ಕಟ್ಟುತ್ತದೆ.

ಇಷ್ಟು ದಿನ ನಮ್ಮನ್ನು ಕಾಪಾಡಿದ್ದು ಯಾರು? ಯಾವ ಮಂಡಳಿಯೂ ಅಲ್ಲ. ಧೂಳು. ನಮ್ಮ ದೇಶದ ಧೂಳಿನಲ್ಲಿರುವ ಸುಣ್ಣದಂಶವೇ ಮಳೆಹನಿಯ ಹುಳಿ ಮುರಿಯುತ್ತದೆ. ಗುಂಡಿ ಬಿದ್ದ ರಸ್ತೆಯೇ ನಮ್ಮ ಪರಿಸರ ಇಲಾಖೆ. ಮುಂದಿನ ರಾಜ್ಯೋತ್ಸವಕ್ಕೆ ರಸ್ತೆ ಕಂಟ್ರಾಕ್ಟರಿಗೊಂದು ಪರಿಸರ ಪ್ರಶಸ್ತಿ ಕೊಟ್ಟುಬಿಡಿ.

ಕಲ್ಲಿದ್ದಲು ಸ್ಥಾವರದ ಚಿಮಣಿಯಲ್ಲಿ ಗಂಧಕ ಹಿಡಿಯುವ ಯಂತ್ರಕ್ಕೂ ಬೇಕಾದದ್ದು ಸುಣ್ಣದ ಕಲ್ಲೇ. 2015ರಲ್ಲಿ ನಿಯಮ ಬಂತು. ಎರಡು ವರ್ಷ ಗಡುವು. ಗಡುವಿಗೆ ಗಡುವು, ಅದಕ್ಕೊಂದು ಗಡುವು. 2025ರ ಜುಲೈನಲ್ಲಿ ದೇಶದ ಶೇ 78ರಷ್ಟು ಘಟಕಗಳಿಗೆ ಆ ಯಂತ್ರವೇ ಬೇಡ ಎಂದಾಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆಯಂತೆ. ಕಡಿಮೆಯಾದದ್ದು ಗಂಧಕವೋ, ನಾಚಿಕೆಯೋ?

ಮೇಲಿನವರನ್ನೇ ಬೈದು ಕೈ ತೊಳೆದುಕೊಳ್ಳುವಂತೆಯೂ ಇಲ್ಲ. ಹೊನ್ನಾಳಿ, ನ್ಯಾಮತಿಯ ಗೊಬ್ಬರದಂಗಡಿ ಮುಂದೆ ನಿಂತು ನೋಡಿ. 45 ಕೆ.ಜಿ. ಯೂರಿಯಾ 266 ರೂಪಾಯಿ 50 ಪೈಸೆ. ಇಷ್ಟು ಅಗ್ಗಕ್ಕೆ ಇನ್ನೇನು ಸಿಗುತ್ತದೆ? ಅದು ಮಣ್ಣಿನಲ್ಲಿ ನೈಟ್ರೇಟ್ ಆಗುವಾಗ ಆಮ್ಲ ಬಿಡುತ್ತದೆ. ನೈಟ್ರೇಟು ನೀರಿನ ಜೊತೆ ಹೋಗುತ್ತದೆ, ಹುಳಿ ಉಳಿಯುತ್ತದೆ. ಆಕಾಶ ಸುರಿಸದ ಆಮ್ಲವನ್ನು ನಾವೇ ಕ್ಯೂ ನಿಂತು, ಜಗಳವಾಡಿ, ತಲೆ ಮೇಲೆ ಹೊತ್ತು ತಂದು ಸುರಿಯುತ್ತೇವೆ.

ಮಣ್ಣು ಆರೋಗ್ಯ ಚೀಟಿ? ಅದೂ 2015ರದ್ದೇ. ರಸಸಾರ ಅದರಲ್ಲೇ ಬರೆದಿದೆ. ಚೀಟಿ ರೇಷನ್ ಕಾರ್ಡಿನ ಜೊತೆ ಬೀರುವಿನಲ್ಲಿ ಭದ್ರವಾಗಿದೆ. ಆರೋಗ್ಯ ಚೀಟಿಯದ್ದು. ಕಾಯಿಲೆ ಮಣ್ಣಿನದ್ದು.

ಚನ್ನಗಿರಿಗೆ ಬನ್ನಿ. ಅಡಿಕೆಯ ಸೀಮೆ. ಎಲೆಗೆ ಸುಣ್ಣ ಹೆಚ್ಚಾದರೆ ಬಾಯಿ ಸುಡುತ್ತದೆ, ಕಮ್ಮಿಯಾದರೆ ಕೆಂಪೇರುವುದಿಲ್ಲ. ಈ ಲೆಕ್ಕ ಹಲ್ಲಿಲ್ಲದ ಅಜ್ಜಿಗೂ ಗೊತ್ತು. ಆ ಅಡಿಕೆ ಬೆಳೆದ ತೋಟಕ್ಕೆ ಸುಣ್ಣ ಎಷ್ಟು ಅಂತ ಕೇಳಿ. ಮಾಲೀಕರು ಎಲೆಯ ತೊಟ್ಟು ಮುರಿಯುತ್ತಾ ಆಕಾಶ ನೋಡುತ್ತಾರೆ.

ಅಲ್ಲೇ ಸೂಳೆಕೆರೆ. ಹೆಸರು ಮೈಲಿಗೆಯಾಯಿತೆಂದು 'ಶಾಂತಿಸಾಗರ' ಎಂದು ಮಡಿ ಮಾಡಿದೆವು. ಹೆಸರು ತೊಳೆದ ಮೇಲೆ ನೀರು ನೋಡುವ ಗೊಡವೆ ಯಾಕೆ? ಸುತ್ತಲಿನ ಹೊಲ ತೋಟದ ಗೊಬ್ಬರವೆಲ್ಲ ಮಳೆ ಬಂದಾಗ ಇಳಿಯುವುದು ತಗ್ಗಿಗೇ.

ಹೊಲಕ್ಕಾದರೂ ಮಾಲೀಕನಿದ್ದಾನೆ. ಕಾಡಿಗೆ ಸುಣ್ಣ ಹಾಕುವವರು ಯಾರು? ಜಗಳೂರಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಯ ಅಭಯಾರಣ್ಯವಾಯಿತು. ಕುರಿಗೆ ಅಭಯ. ಅದು ಮೇಯುವ ಹುಲ್ಲಿನ ಬೇರಿಗೆ, ಬೋರ್ಡಿನಲ್ಲಿ ಜಾಗ ಸಾಲಲಿಲ್ಲ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತ ಗಾದೆ. ನಮ್ಮ ಜಿಲ್ಲೆ ಅಷ್ಟೂ ಮಾಡಲಿಲ್ಲ. ಬೆಣ್ಣೆ ದೋಸೆಗೆ ಹೋಯಿತು. ಮಣ್ಣಿಗೆ, ಗಾದೆಯ ಪ್ರಕಾರ ಮೋಸ ಮಾಡುವುದಾದರೂ ಸರಿ ಸ್ವಾಮಿ, ಸುಣ್ಣವನ್ನಾದರೂ ಹಾಕಿ.