ಆನ್‌ಕಾಲ್ ಮಹಾಶಯರು

ಮದುವೆ ಛತ್ರಕ್ಕೆ ಕಾಲಿಟ್ಟ ಕೂಡಲೇ ಉಳಿದವರ ಕಣ್ಣು ಊಟದ ಹಾಲ್ ಹುಡುಕಿದರೆ, ಇವರ ಕಣ್ಣು ಪ್ಲಗ್ ಪಾಯಿಂಟ್ ಹುಡುಕುತ್ತದೆ. ರೇಷ್ಮೆ ಪಂಚೆ, ಜರಿ ಶಲ್ಯ, ಹೆಗಲಿಗೆ ಲ್ಯಾಪ್‌ಟಾಪ್ ಚೀಲ. ಗಟ್ಟಿಮೇಳದ ಹೊತ್ತಿಗೆ ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದರಲ್ಲಿ ಗ್ರಫಾನಾ ಡ್ಯಾಶ್‌ಬೋರ್ಡ್. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟಿಗೊಬ್ಬರಾದರೂ ಈ ತಳಿಯವರು ಸಿಗುತ್ತಾರೆ.

ಇವರ ಕಸುಬು ಸರ್ವರ್ ಕ್ಲಸ್ಟರ್ ಕಾಯುವುದು. ಮ್ಯಾನೇಜರ್ ಸಾಹೇಬರು ಗಿರಾಕಿಗೆ ‘ಐದು ಒಂಬತ್ತು’ ಎಂದು ಮಾತು ಕೊಟ್ಟಾಗಿದೆ. ಅಂದರೆ ಸರ್ವಿಸು ಶೇ. 99.999ರಷ್ಟು ಹೊತ್ತು ಎದ್ದಿರಬೇಕು. ವರ್ಷಕ್ಕೆ ಮಲಗಲು ಸಿಗುವುದು ಹೆಚ್ಚುಕಡಿಮೆ ಐದೂಕಾಲು ನಿಮಿಷ. ಮೂರೇ ಒಂಬತ್ತಾಗಿದ್ದರೆ ಎಂಟೂಮುಕ್ಕಾಲು ಗಂಟೆ ಸಿಗುತ್ತಿತ್ತು. ಮಿಕ್ಕ ಎರಡು ಒಂಬತ್ತನ್ನು ಸಾಹೇಬರು ಬಾಯಲ್ಲಿ ಹೇಳಿದರು, ಇವರು ನಿದ್ದೆಯಲ್ಲಿ ತೆರುತ್ತಿದ್ದಾರೆ.

ಮೆಟ್ರೋದಲ್ಲಿ ಇವರ ಫೋನ್ ಮಾತು ಕೇಳಬೇಕು. “ಎರಡನೆಯವನು ಸತ್ತನೋ ಬದುಕಿದ್ದಾನೋ ಅಂತ ನೋಡ್ತಾ ಕೂರಬೇಡ. ಮೊದಲು ಕೊಂದುಬಿಡು, ಆಮೇಲೆ ಮೂರನೆಯವನಿಗೆ ಅಧಿಕಾರ ಕೊಡು.” ಪಕ್ಕದ ಅಜ್ಜಿ ಬೇರೆ ಸೀಟು ಹುಡುಕುತ್ತಾರೆ. ಪಾಪ, ಹೇಳಿದ್ದು ಧರ್ಮದ ಮಾತೇ. ಕ್ಲಸ್ಟರಿನ ಯಂತ್ರಗಳು ‘ನಾನಿದ್ದೇನೆ’ ಎಂದು ಒಂದಕ್ಕೊಂದು ಹಾರ್ಟ್‌ಬೀಟ್ ಕಳಿಸುತ್ತಲೇ ಇರುತ್ತವೆ. ನಡುವಿನ ಸಂಪರ್ಕ ಕಡಿದರೆ ಎರಡಕ್ಕೂ ಎದುರಿನದು ಸತ್ತಂತೆಯೇ ಕಾಣುತ್ತದೆ. ಎರಡೂ ಯಜಮಾನಿಕೆ ವಹಿಸಿಕೊಂಡು ಒಂದೇ ಡಿಸ್ಕಿಗೆ ಬರೆಯತೊಡಗಿದವೋ, ಒಂದೇ ಸೈಟನ್ನು ಅಣ್ಣತಮ್ಮ ಇಬ್ಬರೂ ಬೇರೆ ಬೇರೆಯವರಿಗೆ ಮಾರಿದ ಕಥೆ. ಅದಕ್ಕೇ ಬೆಸಸಂಖ್ಯೆಯ ಯಂತ್ರಗಳು, ಬಹುಮತದ ಕೋರಂ, ಅನುಮಾನ ಹುಟ್ಟಿಸಿದವನ ಪವರ್ ಕೀಳುವ ಏರ್ಪಾಡು.

ಮನೆಯಲ್ಲೂ ಅದೇ ನೀತಿ. ಎರಡು ಕಂಪನಿಯ ಇಂಟರ್ನೆಟ್ಟು, ಎರಡು ಸಿಮ್ಮು, ಇನ್ವರ್ಟರು. ಗ್ಯಾಸ್ ಸಿಲಿಂಡರ್ ಮಾತ್ರ ಒಂದೇ. ಅದು ಮುಗಿಯಿತೆಂದು ಮನೆಯಾಕೆ ಕೂಗಿದರೆ ‘ಅಕ್ನಾಲೆಜ್ಡ್’ ಎಂದು ಮಗ್ಗುಲು ಬದಲಿಸುತ್ತಾರೆ. ರಾತ್ರಿ ಎರಡಕ್ಕೆ ಡಿಸ್ಕ್ ಶೇ. 80 ತುಂಬಿತೆಂದು ಫೋನ್ ಕಿರುಚಿದರೆ ಮಾತ್ರ ಕನ್ನಡಕ ಹುಡುಕುವ ಮೊದಲೇ ಲಾಗಿನ್ ಆಗಿರುತ್ತಾರೆ.

ಇಷ್ಟು ಕಾವಲಿದ್ದೂ ಒಂದು ದಿನ ಸರ್ವಿಸು ಅಂಗಾತ ಮಲಗಿತು. ಮೂರೂ ಯಂತ್ರಗಳು ಗಟ್ಟಿಮುಟ್ಟಾಗಿದ್ದವು, ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು. ಅವಧಿ ಮುಗಿದಿದ್ದದ್ದು ಟಿಎಲ್‌ಎಸ್ ಸರ್ಟಿಫಿಕೇಟಿನದು. ನವೀಕರಿಸಿ ಎಂಬ ಮೇಲ್, ಯಾವತ್ತೋ ಕೆಲಸ ಬಿಟ್ಟುಹೋದವರ ಇನ್‌ಬಾಕ್ಸಿಗೆ ತಪ್ಪದೆ ತಲುಪುತ್ತಿತ್ತು. ಮುಂದಿನ ಹಲವು ವರ್ಷಗಳ ಐದೂಕಾಲು ನಿಮಿಷಗಳೆಲ್ಲ ಆ ಒಂದೇ ಮಧ್ಯಾಹ್ನ ಖರ್ಚಾದವು.

ಆಮೇಲೆ ನಾಲ್ಕು ಪುಟದ ವರದಿ ಬರೆದವರೂ ಇವರೇ: ಒಂದು ಕೆಟ್ಟರೆ ಎಲ್ಲ ನಿಲ್ಲುವಂಥದ್ದು ವ್ಯವಸ್ಥೆಯಲ್ಲಿ ಯಾವುದೂ ಇರಬಾರದು. ಸಾಹೇಬರು ಮೆಚ್ಚಿ ತಲೆದೂಗಿದರು. ವ್ಯವಸ್ಥೆಯ ಒಳಗುಟ್ಟು ಬಲ್ಲವರು ಆಫೀಸಿನಲ್ಲಿ ಇವರೊಬ್ಬರೇ ಆದ್ದರಿಂದ, ಇವರ ರಜೆ ಅರ್ಜಿ ಇನ್ನೂ ಪೆಂಡಿಂಗ್ ಇದೆ.