ಕೊನೆ ಭಾಗದ ಫೋನು

ಮಳೆಗಾಲದಲ್ಲಿ ನಮ್ಮ ಶಂಕರಘಟ್ಟದವರು ಬೆಳಿಗ್ಗೆ ಎದ್ದರೆ ಮೊದಲು ಕೇಳುವುದು, ‘ಡ್ಯಾಮ್ ಎಷ್ಟಾಯ್ತು?’ ಭದ್ರಾ ಡ್ಯಾಮ್ 186 ಅಡಿ ಮುಟ್ಟಿ ತುಂಬಿತೆಂದರೆ ಹಬ್ಬ. ನನ್ನದು ವರ್ಷವಿಡೀ ಇನ್ನೊಂದು ಮಟ್ಟ ನೋಡುವ ಚಾಳಿ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ಅಪ್‌ಡೇಟ್ ಬಂದಿದೆಯಾ ಎಂದು ಒತ್ತುತ್ತೇನೆ. ಚಕ್ರವೊಂದು ಗಂಭೀರವಾಗಿ ಸುತ್ತುತ್ತದೆ. ಆಮೇಲೆ ‘ನಿಮ್ಮ ಸಾಫ್ಟ್‌ವೇರ್ ಅಪ್ ಟು ಡೇಟ್ ಆಗಿದೆ’ ಎನ್ನುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ, ಭದ್ರತಾ ಪ್ಯಾಚ್: ಅಕ್ಟೋಬರ್ 2020. ಹೆಣದ ಕೈ ಹಿಡಿದು ‘ಜ್ವರ ಪೂರ್ತಿ ಇಳಿದಿದೆ’ ಎನ್ನುವ ಡಾಕ್ಟರ ಹಾಗೆ!

ಫೋನಿಗೇನೂ ಆಗಿಲ್ಲ. ಎರಡು ಸಲ ಕೊಟ್ಟಿಗೆಯಲ್ಲಿ ಬಿದ್ದೂ ಬದುಕಿದೆ. 2018ರಲ್ಲಿ ಕೊಂಡಾಗ ಆಂಡ್ರಾಯ್ಡ್ 8 ಇತ್ತು, ಒಂಬತ್ತಕ್ಕೆ ಹತ್ತಿ ಅಲ್ಲೇ ಕೂತುಬಿಟ್ಟಿತು. ಗೂಗಲ್ 2025ರಲ್ಲೇ ಹದಿನಾರು ಮುಟ್ಟಿದೆ.

ಕುವೆಂಪು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಓದುವ ತಂಗಿಯ ಮಗನನ್ನು ಕೇಳಿದೆ. “ಮಾವ, ಗೂಗಲ್ ಬಿಟ್ಟ ತಕ್ಷಣ ನಿಮ್ಮ ಫೋನಿಗೆ ಬರಲ್ಲ. ಹೊಸ ಆಂಡ್ರಾಯ್ಡ್ ಮಾತನ್ನ ಹಳೇ ಕ್ಯಾಮೆರಾ, ಮೋಡೆಮ್ ಎಲ್ಲ ಕೇಳಬೇಕಲ್ಲ? ಅದಕ್ಕೆ ಚಿಪ್ ಮಾಡಿದವರು ಡ್ರೈವರ್ ಬರೆದುಕೊಡಬೇಕು. ಆಮೇಲೆ ಫೋನ್ ಕಂಪನಿಯವರು ಜೋಡಿಸಿ, ಪರೀಕ್ಷೆ ಮಾಡಿ ಬಿಡಬೇಕು. ಚಿಪ್‌ನವರು ಕೈಯೆತ್ತಿದರೆ ಕಷ್ಟ. ಮಾರಿಯಾದ ಫೋನಿಗೆ ದುಡಿದರೆ ಯಾರಿಗೂ ಕಾಸು ಹುಟ್ಟಲ್ಲ.”

“ಅಂದ್ರೆ ನಾಲೆ ನೀರು ಅನ್ನು” ಎಂದೆ. ಅವನು ನಕ್ಕ. ನಾನು ತಮಾಷೆ ಮಾಡಿರಲಿಲ್ಲ. ಲಕ್ಕವಳ್ಳಿಯ ಡ್ಯಾಮಿನಲ್ಲಿ ಗೇಟು ಎತ್ತಿದರೂ ಬಲದಂಡೆ ನಾಲೆಯ ನೀರು ದಾವಣಗೆರೆ ಕಡೆಯ ಕೊನೆ ಭಾಗದ ಗದ್ದೆ ಮುಟ್ಟುವುದು ಅಲ್ಲಿಯವರ ಪುಣ್ಯ. ಮೇಲಿನವರ ಪಂಪ್‌ಸೆಟ್ಟು ದಾಟಿ ಬರಬೇಕು. ಡ್ಯಾಮಿನ ಬುಡದಲ್ಲೇ ಬೆಳೆದ ನಾನು ಫೋನಿನ ಲೆಕ್ಕದಲ್ಲಿ ಕೊನೆ ಭಾಗದ ರೈತ. ಭದ್ರೆಯ ಮಗ್ಗುಲಲ್ಲಿದ್ದೂ ಭದ್ರತೆಯಿಲ್ಲ!

ಆ ರೈತರಾದರೂ ರಸ್ತೆಗಿಳಿಯುತ್ತಾರೆ. ನಾವು ಫೋನಿನವರು ತೆಪ್ಪಗೆ ಹೊಸದು ಕೊಳ್ಳುತ್ತೇವೆ. ಯುರೋಪಿನಲ್ಲಿ 2025ರ ಜೂನ್ 20ರಿಂದ ಕಾನೂನೇ ಬಂದಿದೆ: ಮಾದರಿಯೊಂದನ್ನು ಮಾರುಕಟ್ಟೆಗೆ ಬಿಡುವುದು ನಿಲ್ಲಿಸಿದ ಮೇಲೂ ಕನಿಷ್ಠ 5 ವರ್ಷ ಅಪ್‌ಡೇಟ್ ಕೊಡಬೇಕು. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24 ಫೋನುಗಳಿಗೆ ಕಂಪನಿಯವರೇ 7 ವರ್ಷದ ಮಾತು ಕೊಟ್ಟಿದ್ದಾರೆ. ಅವು ತೂಬಿನ ಬಾಯಲ್ಲೇ ಇರುವ ಗದ್ದೆಗಳು, ರೇಟೂ ಹಾಗೇ.

ಮೊನ್ನೆ ಬ್ಯಾಂಕಿನ ಆ್ಯಪ್ ‘ಈ ಫೋನಿನಲ್ಲಿ ನಡೆಯದು’ ಎಂದಿತು. ಪಾಸ್‌ಬುಕ್ ಹಿಡಿದು ಭದ್ರಾವತಿ ಬಸ್ ಹತ್ತಿದೆ. ಹೋದವನು ಮೊಬೈಲ್ ಅಂಗಡಿಗೂ ಹೊಕ್ಕೆ. ಹುಡುಗ ಮೆಗಾಪಿಕ್ಸೆಲ್ ಪುರಾಣ ಮುಗಿಸಿದ ಮೇಲೆ, “ಇದಕ್ಕೆ ಎಷ್ಟು ವರ್ಷ ನೀರು ಬಿಡ್ತಾರಪ್ಪ?” ಎಂದು ಬಾಯ್ತಪ್ಪಿ ಕೇಳಿದೆ.

“ಚಿಂತೆ ಬೇಡ ಸರ್, ವಾಟರ್‌ಪ್ರೂಫ್” ಎಂದ.

ಕೊಳ್ಳದೆ ಬಂದೆ. ನೀವು ಹೋದರೆ ಸರಿಯಾಗಿ ಕೇಳಿ: ಅಪ್‌ಡೇಟ್ ಎಷ್ಟು ವರ್ಷ?